ಹಸಿರು ದೀಪ ಬೇಡವೆಂದ ಹುಡುಗಿ

ಮುಂಬಯಿಯ ದಾದರಿನ ನಮ್ಮ ಆಫೀಸಿಗೆ ಪಾಠ ಹೇಳುವ ಯಂತ್ರವೊಂದು ವಿದೇಶದಿಂದ ಬಂತು. ಟೆಲಿಫೋನ್ ಆಪರೇಟರುಗಳ ತರಬೇತಿಗೆ ಅದರ ಪಾಠ ಬರೆಯುವ ಕೆಲಸ ನನ್ನದು. ಸರಿಯುತ್ತರದ ಗುಂಡಿ ಒತ್ತಿದರೆ ಹಸಿರು ದೀಪ, ತಪ್ಪಿದರೆ ಪರದೆಯ ಮೇಲೆ ವಿವರಣೆ.

"ಕಾಳು ಹಾಕಿದರೆ ಪಾರಿವಾಳವೂ ಕಲಿಯುತ್ತದೆ, ಅದೇ ಕಲಿಕೆಯ ಸಿದ್ಧಾಂತ. ಇನ್ನು ಈ ಯಂತ್ರವೇ ಮೇಷ್ಟ್ರು, ಇದಕ್ಕೂ ಬುದ್ಧಿಯಿದೆ" ಎಂದು ನಮ್ಮ ಸಾಹೇಬರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಸಯನ್‌ನಿಂದ ಬರುತ್ತಿದ್ದ ಸುಮಿತ್ರಾ ಎಂಬ ಉಡುಪಿ ಕಡೆಯ ಹುಡುಗಿ ಕೊನೆಯ ಪರೀಕ್ಷೆಯಲ್ಲಿ ಒಂದೇ ಒಂದು ಹಸಿರು ದೀಪವನ್ನೂ ಹೊತ್ತಿಸಲಿಲ್ಲ. ಸಾಹೇಬರು ಅವಳನ್ನು ಮನೆಗೆ ಕಳಿಸಲು ಹೊರಟರು. ನಾನು ಅವಳನ್ನು ಪಕ್ಕಕ್ಕೆ ಕರೆದೆ.

"ಏನಮ್ಮಾ, ಒಂದೂ ಬರುವುದಿಲ್ಲವಾ?"

"ಎಲ್ಲ ಬರ್ತದೆ ಸರ್. ಸರಿ ಒತ್ತಿದ್ರೆ ಬರೀ ಲೈಟು. ತಪ್ಪು ಒತ್ತಿದ್ರೆ ಯಾಕೆ ಅಂತ ಹೇಳ್ತದೆ. ನನಗೆ ಯಾಕೆ ಅಂತ ಗೊತ್ತಾಗ್ಬೇಕಿತ್ತು."

"ಪರೀಕ್ಷೆಯಲ್ಲೂ?"

"ಲೈಟ್ ನೋಡಿ ಕುಣಿಲಿಕ್ಕೆ ನಾನೇನು ಪಾರಿವಾಳವಾ?"

ಸಾಹೇಬರ ಮುಂದೆಯೇ ಅವಳಿಗೆ ಅದೇ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಿದೆ. ಒಂದೂ ತಪ್ಪಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಅವಳ ಕೆಲಸ ಖಾಯಂ ಮಾಡಿದರು. ಸರಿಯುತ್ತರಗಳಿಗೂ ವಿವರಣೆ ಬರೆಯುವಂತೆ ನನಗೆ ಅಪ್ಪಣೆಯಾಯಿತು.

ಯಂತ್ರಕ್ಕೆ ಬುದ್ಧಿ ಬಂದರೆ ಮನುಷ್ಯನಿಗೆ ಕೆಲಸ ಕಡಿಮೆಯಾಗುತ್ತದೆ ಅಂದವರು ಯಾರೋ, ಅವರನ್ನೊಮ್ಮೆ ನೋಡುವ ಆಸೆ ನನಗಿನ್ನೂ ಇದೆ.