ವಫ್ರಾದ ನದಿಗೆ ಬಿಟ್ಟ ಎಲೆ

ಹೆಂಡತಿ ತೀರಿಕೊಂಡು ವರ್ಷವಾಗುವ ಹೊತ್ತಿಗೆ ನನಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಅವಳಿಗೆ ಇಷ್ಟವಾದದ್ದನ್ನು ಮಾಡಿ, ಬಾಳೆ ಎಲೆಯ ತುಂಡಿನಲ್ಲಿಟ್ಟು, ಹರಿಯುವ ನೀರಿಗೆ ಬಿಡಬೇಕೆಂದು ಮಂಗಳೂರಿನಿಂದ ಅತ್ತೆ ಫೋನಿನಲ್ಲಿ ಹೇಳಿದರು. ಕುವೈತಿನಲ್ಲಿ ಹೊಳೆ ಇಲ್ಲ, ಸಮುದ್ರಕ್ಕೆ ಬಿಡುತ್ತೇನೆ ಎಂದೆ.

"ಸಮುದ್ರ ಬೇಡ. ಅದು ತಂದು ದಡಕ್ಕೆ ಹಾಕ್ತದೆ. ಹೋದದ್ದು ವಾಪಸ್ ಬರ್ಬಾರ್ದು."

ಆಗ ಭಾವ, ಎಂದರೆ ಅವಳ ಅಣ್ಣ, ಹೊಳೆ ಹುಡುಕಲು ಹೊರಟರು. ಅವರು ಇಲ್ಲಿಯೇ ಕುವೈತ್ ಪೇಟೆಯ ಮಿರ್ಕಾಬಿನ ಅಂಗಡಿಯೊಂದರಲ್ಲಿ ಪರದೆ ಬಟ್ಟೆ ಮಾರುತ್ತಾರೆ. ಇಲ್ಲ ಎಂಬ ಮಾತು ಅವರಿಗೆ ಅಭ್ಯಾಸವಿಲ್ಲ. ಈದ್ ರಜೆಗೆ ಬಾಡಿಗೆಗೆ ಸಿಗುವ, ಮರಳುಗಾಡಿನಂಚಿನ ವಫ್ರಾದ ತೋಟದ ಮನೆಯೊಂದರ ಚಿತ್ರ ಕಳಿಸಿದರು. ಹಳೆಯ ನೀರಿನ ಗಿರಣಿಯನ್ನು ಮನೆ ಮಾಡಿದ್ದಂತೆ. ದೊಡ್ಡ ಮರದ ಚಕ್ರ, ಅದರ ಕೆಳಗೆ ನದಿ.

"ವಫ್ರಾದಲ್ಲಿ ನದಿ ಎಲ್ಲಿಂದ ಭಾವ?"

"ಫೋಟೋದಲ್ಲಿ ಉಂಟಲ್ಲ. ಇಲ್ಲದ್ದರ ಫೋಟೋ ತೆಗಿಲಿಕ್ಕೆ ಆಗ್ತದಾ?"

ನನ್ನ ಚಿಂತೆ ನದಿಯದಾಗಿರಲಿಲ್ಲ. ಐದನೇ ಕ್ಲಾಸಿನ ಮಗಳು ಆ ಒಂದು ವರ್ಷದಲ್ಲಿ 'ಅಮ್ಮ' ಎಂಬ ಶಬ್ದವನ್ನೇ ಬಾಯಿಗೆ ತಂದಿರಲಿಲ್ಲ. ಹೇಳಲೇಬೇಕಾದಾಗ ಇಂಗ್ಲಿಷಿನಲ್ಲಿ 'ಶೀ' ಎನ್ನುತ್ತಿದ್ದಳು. ಎಲೆಯನ್ನು ಅವಳ ಕೈಯಿಂದ ಬಿಡಿಸಿದರೆ ಏನಾದರೂ ಸಡಿಲವಾದೀತೆಂದು ನನಗೆ ಆಸೆ. ಕಾರಿನಲ್ಲಿ ಕೇಳಿದೆ. "ನೋ" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಹೆಂಡತಿಗೆ ಇಷ್ಟವಾದ ಬಂಗುಡೆ ಮೀನಿನ ಪುಳಿಮುಂಚಿಯ ಪಾತ್ರೆಯನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು ಕೂತೆ.

ಹೋಗಿ ನೋಡಿದರೆ ಚಕ್ರ ತಗಡಿನದು, ಮರದ ಬಣ್ಣ ಬಳಿದಿದ್ದರು. ನದಿಗೆ ಬಚ್ಚಲುಮನೆಯ ನೀಲಿ ಟೈಲ್ಸ್ ಹಾಕಿದ್ದರು. ಒಳಗೆ ಟೀಪಾಯಿಯ ಬದಲು ದೊಡ್ಡ ಬೀಸುವ ಕಲ್ಲು. ಭಾವ ಅದನ್ನು ಗೌರವದಿಂದ ತಟ್ಟಿದರು. ಡಬಡಬ ಎಂದಿತು.

ತೋಟ ನೋಡಿಕೊಳ್ಳುವ ಬಂಗಾಳಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದ: "ನದೀ ಅಭೀ ಚಾಲೂ ಕರೂಂ, ಯಾ ಚಾಯ್ ಕೆ ಬಾದ್?"

"ಅಭೀ, ಭಾಯಿ. ಯಲ್ಲಾ," ಎಂದು ಅವಸರಪಡಿಸಿದರು ಭಾವ, ದಿನವೂ ಚಹಾಕ್ಕೆ ಮೊದಲೇ ನದಿ ಹಾಕಿಸಿಕೊಳ್ಳುವವರ ಹಾಗೆ.

ಪಂಪು ಗುರುಗುಟ್ಟಿತು, ನೀರು ಹರಿಯಿತು, ಚಕ್ರ ತಿರುಗಿತು. ನೀರುದೋಸೆ ಮತ್ತು ಬಂಗುಡೆ ಇಟ್ಟ ಎಲೆಯನ್ನು ನಾನೇ ಬಿಟ್ಟೆ. ಮಗಳು ಶೂ ಕೂಡ ಬಿಚ್ಚದೆ ದೂರ ನಿಂತಿದ್ದಳು. ಎಲೆ ಮನೆಯ ಮೂಲೆ ತಿರುಗಿ ಮರೆಯಾಯಿತು. ಭಾವ ಕಣ್ಣೊರೆಸಿಕೊಂಡು ಅತ್ತೆಗೆ ವಿಡಿಯೋ ಕಾಲ್ ಮಾಡಿದರು.

"ಹೋಯ್ತಾ?"

"ಹೋಯ್ತಮ್ಮ. ಒಳ್ಳೆ ಸೆಳೆತ ಉಂಟು."

ಅಷ್ಟರಲ್ಲಿ ಎಲೆ ಮನೆಯ ಇನ್ನೊಂದು ಬದಿಯಿಂದ ಬಂತು. ನದಿ ಮನೆಗೆ ಒಂದು ಸುತ್ತು ಹಾಕಿ ಮತ್ತೆ ಚಕ್ರದ ಬುಡಕ್ಕೇ ಬರುವಂಥದ್ದು. ದೋಸೆಯ ಮಡಿಕೆ ಕೂಡ ಕೆಟ್ಟಿರಲಿಲ್ಲ. ಭಾವ ಸರಕ್ಕನೆ ಫೋನನ್ನು ಮೇಲಕ್ಕೆ ತಿರುಗಿಸಿದರು.

"ಆಕಾಶ ಎಂತಕ್ಕೆ ತೋರಿಸ್ತಿ ಮಾರಾಯ?"

"ಎಷ್ಟು ನೀಲಿ ನೋಡಮ್ಮ."

ಮುಂದಿನ ಸುತ್ತಿನಲ್ಲಿ ಚಕ್ರದ ಹಲಗೆಯೊಂದು ಬಂಗುಡೆಯನ್ನು ಎತ್ತಿ ಭಾವನ ಬಿಳಿ ಅಂಗಿಯ ಮೇಲೆ ಹಾಕಿತು. ಅವರು ಕಾಲ್ ಕಟ್ ಮಾಡಿ, ಎದೆಯ ಮೇಲಿನ ಮೀನನ್ನು ನೋಡುತ್ತ ನಿಂತರು. ಹಿಂದಿನಿಂದ ಮಗಳ ದನಿ ಬಂತು:

"ಮಾವ, ಅಮ್ಮ ಈಸ್ ಆಂಗ್ರಿ ವಿತ್ ಯೂ."

ಮೊದಲು ಭಾವ ನಕ್ಕರು. ನಾನೂ ನಕ್ಕೆ, ನಗು ನಿಲ್ಲಿಸಲಾಗದೆ ಚಕ್ರ ಹಿಡಿದುಕೊಳ್ಳಲು ಹೋಗಿ ತೋಳಿನವರೆಗೆ ಒದ್ದೆಯಾದೆ.

"ಈ ಎಲೆಯನ್ನು ತೆಗೆದು ಗಿಡದ ಬುಡಕ್ಕೆ ಹಾಕುವ. ಊರಲ್ಲಿ ಅಮ್ಮನಿಗೆ ಹೇಳುವುದು ಬೇಡ," ಎಂದರು ಭಾವ.

"ಡೋಂಟ್," ಎಂದು ಮಗಳು ಶೂ ಬಿಚ್ಚಿ, ನೀರಿಗೆ ಕಾಲು ಇಳಿಬಿಟ್ಟು ಕೂತಳು. ನಾವೂ ಪಕ್ಕದಲ್ಲಿ ಕೂತು ಉಳಿದ ದೋಸೆ ತಿಂದೆವು. ಎಲೆ ಎದುರಿಗೆ ಬಂದಾಗಲೆಲ್ಲ ಅವಳು ಒಂದೊಂದು ಸುದ್ದಿ ಹೇಳತೊಡಗಿದಳು. ಕ್ಲಾಸಿನಲ್ಲಿ ಜಾಗ ಬದಲಾದದ್ದು, ಹಲ್ಲು ಬಿದ್ದದ್ದು, ಹಸಿರು ಸ್ವೆಟರ್ ಮೆಶೀನಿನಲ್ಲಿ ಗೊಂಬೆಯ ಅಳತೆಗೆ ಇಳಿದದ್ದು. ಅರ್ಧ ಸುದ್ದಿ ನನಗೂ ಹೊಸದು. ಎಲೆ ಮೂಲೆ ತಿರುಗಿದ ಕೂಡಲೇ ಬಾಯಿ ಮುಚ್ಚಿ ಕಾಯುತ್ತಿದ್ದಳು.

"ಅಮ್ಮ, ಅಪ್ಪ ಪುಟ್ಸ್ ಶುಗರ್ ಇನ್ ಸಾಂಬಾರ್."

"ಅದು ಬೆಲ್ಲ," ಎಂದು ನಾನು ಎಲೆಗೆ ಹೇಳಿದೆ. "ಸ್ವಲ್ಪವೇ ಹಾಕುವುದು."