ವಂದನಾರ್ಪಣೆಗೆ ಕಾದು ಕೂತವರು

ಸಭೆ ಯಾವುದೇ ಇರಲಿ, "ಈಗ ವಂದನಾರ್ಪಣೆ" ಎಂಬ ಮಾತು ಮೈಕಿನಿಂದ ಹೊರಬಿದ್ದ ಕ್ಷಣವೇ ಜನರ ಕಾಲುಗಳು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಲು ಶುರುಮಾಡುತ್ತವೆ. ಇದನ್ನು ನಾನು ವೇದಿಕೆಯ ಮೇಲೆ ಕೂತು ಎಷ್ಟೋ ವರ್ಷ ಗಮನಿಸಿದ್ದೇನೆ. ಕಣ್ಣು ಮೈಕಿನ ಮೇಲೆ, ಮುಖದಲ್ಲಿ ಭಕ್ತಿ, ಕಾಲು ಮಾತ್ರ ಬಾಗಿಲ ಕಡೆ. ವಂದಿಸುವವನು ಎರಡನೆಯ ಹೆಸರಿಗೆ ಬರುವಷ್ಟರಲ್ಲಿ ಸಭಾಂಗಣದಲ್ಲಿ ಉಳಿಯುವವರೆಂದರೆ ಕುರ್ಚಿ ಬಾಡಿಗೆಗೆ ಕೊಟ್ಟವನು, ಮತ್ತೆ ತನ್ನ ಹೆಸರು ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಿರುವ ದಾನಿ.

ಆದರೆ ಎಂಬತ್ತರ ದಶಕದಲ್ಲಿ ಮಾಟುಂಗದಲ್ಲಿ ಒಂದು ಕನ್ನಡ ಸಂಘವಿತ್ತು. ಅಲ್ಲಿಗೆ ಜನ ಬರುತ್ತಿದ್ದುದೇ ವಂದನಾರ್ಪಣೆ ಕೇಳಲು. ನಂಬಲು ಕಷ್ಟ, ಗೊತ್ತು. ಆ ಸಂಘದ ಕಾರ್ಯದರ್ಶಿಯಾಗಿದ್ದ ನನಗೇ ನಂಬಲು ಕಷ್ಟವಾಗುತ್ತಿತ್ತು, ಏಕೆಂದರೆ ಸ್ವಾಗತ ಭಾಷಣ ನನ್ನದು. ಮೈಸೂರಿನವನಾದ ನಾನು ಅದನ್ನು ಮೂರು ಸಲ ತಿದ್ದಿ ಬರೆದು, ಕನ್ನಡಿಯ ಮುಂದೆ ಒಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓದುತ್ತಿದ್ದೆ. ಜನ ಅದು ಮುಗಿದ ಮೇಲೆ ಬರುತ್ತಿದ್ದರು. ಖಾಲಿ ಕುರ್ಚಿಗಳನ್ನು ನನ್ನಷ್ಟು ತುಂಬು ಹೃದಯದಿಂದ ಸ್ವಾಗತಿಸಿದವರು ಇಡೀ ಮುಂಬಯಿಯಲ್ಲಿ ಇರಲಿಕ್ಕಿಲ್ಲ.

ವಂದನಾರ್ಪಣೆ ವಾಮನರಾವ್ ತೊರವಿಯವರ ಪಾಲಿನದು. ವಿಜಾಪುರದ ಕಡೆಯವರು. ಕುಳ್ಳಗಿನ ದೇಹ, ತಲೆಯ ಮೇಲೆ ಕರಿ ಟೋಪಿ, ಬಾಯಲ್ಲಿ ಸದಾ ಒಂದು ಲವಂಗ. ಚಿಕ್ಕವರಿಗೆಲ್ಲ ಅವರು ತೊರವಿ ಕಾಕಾ. ಗ್ರಾಂಟ್ ರೋಡಿನ ವಿದ್ಯುತ್ ಸಾಮಾನಿನ ಅಂಗಡಿಯೊಂದರಲ್ಲಿ ಸೀಲಿಂಗ್ ಫ್ಯಾನು ಮಾರುವ ಕೆಲಸ. ಕೊನೆಕೊನೆಗೆ ಅವರಿಗೆ ಇನ್ನೊಂದು ಬಗೆಯ ಫ್ಯಾನುಗಳೂ ಆದರು. ಆ ಫ್ಯಾನುಗಳಿಗೆ ರೆಗ್ಯುಲೇಟರ್ ಇರಲಿಲ್ಲ.

ಇದೆಲ್ಲ ಶುರುವಾದದ್ದು ಒಬ್ಬ ಮುಖ್ಯ ಅತಿಥಿಯಿಂದ. ಅವರು 'ಕನ್ನಡದ ಅಳಿವು ಉಳಿವು' ಎಂಬ ವಿಷಯ ಎತ್ತಿಕೊಂಡು, ಗಂಟೆ ಕಳೆದರೂ ಇನ್ನೂ ಅಳಿವಿನಲ್ಲೇ ಇದ್ದರು. ಸಭಾಂಗಣದ ವಾಚ್‌ಮನ್ ಬಂದು ದೀಪದ ಸ್ವಿಚ್ಚಿನ ಪಕ್ಕ ನಿಂತಿದ್ದ. ನಮ್ಮ ಅಧ್ಯಕ್ಷರು ಮಾಟುಂಗದಲ್ಲೇ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಶೆಟ್ಟರು. ಅವರು ಬಗ್ಗಿ, "ತೊರವಿಯವರೇ, ಎರಡೇ ನಿಮಿಷ ಮಾರಾಯ್ರೆ. ಆಮೇಲೆ ಲೈಟು ಬಂದ್ ಆಗ್ತದೆ" ಎಂದು ಪಿಸುಗುಟ್ಟಿದರು.

ವಂದಿಸಬೇಕಾದವರು ಬಹಳ ಜನ, ಸಮಯ ಎರಡೇ ನಿಮಿಷ. ತೊರವಿ ಕಾಕಾ ಒಂದು ಕ್ಷಣ ಯೋಚಿಸಿದರು. ಆಮೇಲೆ ಮೈಕಿನ ಪಕ್ಕದ ಮೇಜನ್ನು ಬೆರಳಿನಿಂದ ಟಕಟಕ ಬಡಿಯುತ್ತ ಒಂದೇ ಉಸಿರಿನಲ್ಲಿ ಹೊರಟೇಬಿಟ್ಟರು:

"ಮೈಕ ತಂದ ಮಾದೇವಗ, ಮಾಲಿ ತಂದ ಮಾರುತಿಗ,
ಕುರ್ಚಿ ಹಾಕಿದ ಕಾಶಿಗ, ಕುರ್ಚಿ ಬಿಡದ ಅತಿಥಿಗ,
ಉಪ್ಪಿಟ್ಟು ಮಾಡಿದ ಕೈಗಳಿಗ, ಉಪ್ಪು ಮರತ ಮಂದಿಗ,
ಕೇಳದೇನ ಚಪ್ಪಾಳಿ ಹೊಡದ ಕಡೀ ಸಾಲಿನ ಎಲ್ಲಾರ್ಗ
ವಂದನಾರೀ, ವಂದನಾ!"

ಚಪ್ಪಲಿಯೊಳಗೆ ಅರ್ಧ ಹೋಗಿದ್ದ ಕಾಲುಗಳು ಹಾಗೇ ನಿಂತವು. ಎದ್ದವರು ಕೂತರು. ವಾಚ್‌ಮನ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಸ್ವಿಚ್ಚಿನಿಂದ ಕೈ ತೆಗೆದ. ಮುಖ್ಯ ಅತಿಥಿಗಳು ತಮ್ಮನ್ನು ಹೊಗಳಿದರೆಂದೇ ತಿಳಿದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಅಂದಿನಿಂದ ನಮ್ಮ ಸಂಘದ ಕಾರ್ಯಕ್ರಮಗಳು ತಲೆಕೆಳಗಾದವು. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರಿದ್ದರೂ ಜನ ಕೆಳಗಿನ ಕೊನೆಯ ಸಾಲು ನೋಡಿಯೇ ಹೊರಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿರಲಿಲ್ಲವೆಂದರೆ ನೀವು ನಂಬುವುದಿಲ್ಲ, ಆದ್ದರಿಂದ ಆ ಮಾತು ಬಿಡುತ್ತೇನೆ. ವಿದ್ವತ್ತಿನ ಆಸರೆಯನ್ನಂತೂ ಹಿಡಿದೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಡುತ್ತಿದ್ದರು, ಬಾಲದಲ್ಲಿ ಪ್ರಾಸ ಕಟ್ಟುವುದು ಆಮೇಲೆ ಬಂದದ್ದು ಎಂದು ಒಂದು ದಿನ ಅವರಿಗೆ ವಿವರಿಸಿದೆ. ಅವರ ಸಾಲುಗಳಿಗೆ ಮಾತ್ರೆ ಹಾಕಿ, ಗಣ ಎಲ್ಲೆಲ್ಲಿ ತಪ್ಪಿದೆಯೆಂದೂ ತೋರಿಸಿದೆ. ಕಾಕಾ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಮಾತ್ರಿ ನನಗ ಡಾಕ್ಟರೂ ಬರದ ಕೊಟ್ಟಾರ್ರೀ. ಅದನ್ನೂ ನಾ ತಪ್ಪಸ್ತೀನಿ" ಎಂದರು.

ತೊಂಬತ್ತರ ಆರಂಭದಲ್ಲಿ ನಮ್ಮ ಬಿಲ್ಡಿಂಗಿಗೆ ಕೇಬಲ್ ಟೀವಿ ಬಂತು. ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ, ಬಟ್ಟೆ ಒಣಹಾಕುವ ಹಗ್ಗದ ಜೊತೆಜೊತೆಗೆ ಕರಿ ತಂತಿ ಎಳೆದರು. ಆ ತಂತಿಯೊಳಗಿಂದ ಟೋಪಿ ಹಾಕಿಕೊಂಡ ಪರದೇಶದ ಹುಡುಗರು ಬಂದು, ಕೈ ಬೀಸುತ್ತ, ಹಾಡೂ ಅಲ್ಲದ ಮಾತೂ ಅಲ್ಲದ ಏನನ್ನೋ ಪಟಪಟ ಒದರತೊಡಗಿದರು. ಬಾಂದ್ರಾದಲ್ಲಿ ಕಾಲೇಜು ಓದುತ್ತಿದ್ದ ನನ್ನ ಮಗಳು ರೋಹಿಣಿ ಅದನ್ನು ನೋಡುತ್ತ ಇದ್ದಕ್ಕಿದ್ದಂತೆ ಕುಣಿದಾಡಿದಳು.

"ಅಪ್ಪಾ, ಏ ತೋ ನಮ್ಮ ತೊರವಿ ಕಾಕಾ ಹೈ! ಕಾಕಾ ಮಾಡೋದು ರ್ಯಾಪ್! ಅಸಲಿ ರ್ಯಾಪ್!"

ನನ್ನ ಸ್ವಾಗತ ಭಾಷಣಕ್ಕೆ ಹುಟ್ಟಿದಾಗಿನಿಂದ ಒಮ್ಮೆಯೂ ಬಾರದವಳು ಮುಂದಿನ ಕಾರ್ಯಕ್ರಮಕ್ಕೆ ಗೆಳೆಯರ ದಂಡನ್ನೇ ಕಟ್ಟಿಕೊಂಡು ಬಂದಳು. ಎಲ್ಲರೂ ಕನ್ನಡದ ಮನೆಗಳ ಮಕ್ಕಳು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. ಸಭೆ ಮುಗಿದ ಮೇಲೆ ಕಾಕಾರನ್ನು ಸುತ್ತುವರಿದು, "ಕಾಕಾ, ನೀವು ರ್ಯಾಪರ್!" ಎಂದು ಘೋಷಿಸಿದರು.

"ರ್ಯಾಪರ್ ಅಂದ್ರ ಸುತ್ತೋ ಕಾಗದ ಅಲ್ಲೇನವಾ? ನಮ್ಮ ಅಂಗಡ್ಯಾಗ ಭಾಳ ಅವ, ಎಷ್ಟು ಬೇಕು?" ಎಂದರು ಕಾಕಾ.

ಹುಡುಗರು ಬಿಡಲಿಲ್ಲ. ಕಾಲೇಜಿನ ಉತ್ಸವಕ್ಕೆ ಕಾಕಾರನ್ನು ಬಾಂದ್ರಾಕ್ಕೆ ಎಳೆದುಕೊಂಡು ಹೋದರು. ಮಕ್ಕಳು ದೊಡ್ಡವರನ್ನು ನಗೆಪಾಟಲು ಮಾಡುತ್ತಾರೆಂಬ ಚಿಂತೆಯಿಂದ, ಎಂದು ಹೆಂಡತಿಗೆ ಹೇಳಿ, ನಾನೂ ಹೋದೆ. ಹರಿದ ಜೀನ್ಸಿನ ಹುಡುಗರ ನಡುವೆ ಸಫಾರಿ ಸೂಟು, ಕರಿ ಟೋಪಿಯ ಈ ಮನುಷ್ಯ ಮೈಕಿನ ಮುಂದೆ ನಿಂತಾಗ ನನ್ನ ಕಾಲೇ ಬಾಗಿಲ ಕಡೆ ತಿರುಗಿತು. ಕಾಕಾ ಲೋಕಲ್ ಟ್ರೇನಿಗೆ ವಂದನಾರ್ಪಣೆ ಮಾಡಿದರು. ಖಿಡಕಿ ಪಕ್ಕದ ಸೀಟಿಗೆ, ಮೂವರು ಕೂರುವಲ್ಲಿ ಸರಿದು ನಾಲ್ಕನೆಯವನಿಗೆ ಅರ್ಧ ಕುಂಡೆಯ ಜಾಗ ಕೊಟ್ಟ ಪುಣ್ಯಾತ್ಮನಿಗೆ, ತಮ್ಮನ್ನು ಕೇಳದೆಯೇ ದಾದರಿನಲ್ಲಿ ಇಳಿಸಿಬಿಟ್ಟ ಗುಂಪಿಗೆ, ಹೆಗಲ ಮೇಲೆ ನಿದ್ದೆ ಮಾಡಿ ಎದ್ದಮೇಲೆ ಗುರುತೇ ಇಲ್ಲದಂತೆ ನೋಡಿದ ಗೃಹಸ್ಥನಿಗೆ. ಅರ್ಧ ವಿಜಾಪುರದ ಕನ್ನಡ, ಅರ್ಧ ಗ್ರಾಂಟ್ ರೋಡಿನ ಹಿಂದಿ. ಪಂಜಾಬಿ, ಗುಜರಾತಿ, ಗೋವಾದ ಹುಡುಗರೆಲ್ಲ ಎದ್ದು ನಿಂತು "ವಂದನಾರೀ, ವಂದನಾ" ಎಂದು ಕೂಗಿದರು. ವಂದನಾ ಎಂಬ ಹುಡುಗಿ ಯಾರೆಂದು ನನ್ನ ಪಕ್ಕದವನು ಕೇಳಿದ.

ಇದಾದ ಮುಂದಿನ ವರ್ಷ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗೆ ಫ್ಯಾನು ತೋರಿಸುತ್ತಿದ್ದಾಗಲೇ ಕಾಕಾ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಓಡಿಹೋದ ನಾನು ಅಂಗಡಿಯ ಬಾಗಿಲಲ್ಲಿ ನಿಂತೆ. ಒಳಗೆ ತೋರಿಕೆಗೆ ಹಚ್ಚಿದ ಫ್ಯಾನುಗಳು ಇನ್ನೂ ತಿರುಗುತ್ತಲೇ ಇದ್ದವು. ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಶೋಕಸಭೆಯ ಏರ್ಪಾಡಿಗೆ ಶೆಟ್ಟರೂ ನಾನೂ ಕೂತಾಗ ರೋಹಿಣಿ ಬಂದು, ಕೊನೆಗೆ ವಂದನಾರ್ಪಣೆ ಇರಬೇಕೆಂದು ಹಟ ಹಿಡಿದಳು.

"ಶೋಕಸಭೆಗೆ ವಂದನಾರ್ಪಣೆ ಇಲ್ಲ ಮಗಾ, ಅದು ಕ್ರಮ ಅಲ್ಲ," ಎಂದರು ಶೆಟ್ಟರು. "ಎರಡು ನಿಮಿಷ ಮೌನ, ಆಮೇಲೆ ಮನೆಗೆ. ಅವರ ಹೆಂಡತಿ ಎದುರಿಗೆ ಕೂತಿರ್ತಾರೆ. ನೀವು ಕುಣಿದ್ರೆ ಅವರಿಗೆ ಎಂಥ ಅನ್ನಿಸೀತು?"

ನಾನೂ ಶೆಟ್ಟರ ಪಕ್ಷವೇ. ರೋಹಿಣಿ ಬಾಗಿಲು ಬಡಿದುಕೊಂಡು ಹೋದಳು.

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕಾಕಾರ ಹೆಂಡತಿ ಕೃಷ್ಣಾಬಾಯಿ, ಹುಡುಗರ ಬಾಯಲ್ಲಿ ಕಾಕೂ. ಮೇಜಿನ ಮೇಲೆ ಕಾಕಾರ ಫೋಟೋ, ಪಕ್ಕದಲ್ಲಿ ಕರಿ ಟೋಪಿ. ಹಿಂದೆ ಗೋಡೆಗೊರಗಿ ನಿಂತ ಬಾಂದ್ರಾದ ಪಡೆ, ಕನ್ನಡ ಬಾರದ ಕಾಲೇಜಿನ ಗೆಳೆಯರೂ ಸೇರಿ. ಭಾಷಣಗಳಾದವು, ಮೌನವಾಯಿತು. "ಇಲ್ಲಿಗೆ ಸಭೆ ಮುಗಿಯಿತು" ಎಂದರು ಶೆಟ್ಟರು.

ಯಾರೂ ಏಳಲಿಲ್ಲ. ಶೆಟ್ಟರು ಮತ್ತೊಮ್ಮೆ ಹೇಳಿದರು. ಒಂದು ಚಪ್ಪಲಿಯ ಸದ್ದೂ ಇಲ್ಲ. ಇಷ್ಟು ವರ್ಷ ಕೊನೆಯವರೆಗೆ ಕೂತು ಅಭ್ಯಾಸವಾದ ಜನ ಈಗಲೂ ಕಾದು ಕೂತೇ ಇದ್ದರು, ಯಾರಿಗೆಂದು ತಮಗೇ ತಿಳಿಯದೆ. ಶೆಟ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ರೋಹಿಣಿ ಹಿಂದಿನಿಂದ ನಡೆದು ಬಂದಳು. ತಡೆಯಲು ನಾನು ಕೈ ಎತ್ತಿದ್ದೆ, ಆದರೆ ಅವಳ ಮುಖ ನೋಡಿ ಇಳಿಸಿದೆ. ಅವಳು ಮೇಜಿನ ಮೇಲೆ ಬೆರಳು ಬಡಿದಳು.

"ಕಾಕಾ ಬಂತು, ಕಾಕಾ ನಕ್ಕಿತು, ಕಾಕಾ ಈಗ ಹೋಯಿತು,
ನಮ್ಮ ಬಾಯಲ್ಲಿ ಸ್ವಲ್ಪ ಕನ್ನಡ ಇಟ್ಟು ಹೋಯಿತು,
ಮೈಕ್ ಇಲ್ಲಿದೆ, ಟೋಪಿ ಇಲ್ಲಿದೆ, ಕಾಕಾ ಎಲ್ಲಿದೆ?
ಕಾಕಾನ ನಮಗೆ ಕೊಟ್ಟ ಕಾಕೂ ಮಾತ್ರ ಇಲ್ಲೇ ಇದೆ,
ಆ ಕಾಕೂಗೆ..."

ಅಲ್ಲಿಗೆ ಅವಳು ನಿಂತಳು. ಉಳಿದದ್ದನ್ನು ಇಡೀ ಸಭೆ ಹೇಳಿತು. ಕಾಕೂ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿತ್ತು. "ನಾನು ಹೇಳಿದ್ದೆ ಅಲ್ವಾ" ಎಂದು ಶೆಟ್ಟರು ನನ್ನ ಕಿವಿಯಲ್ಲಿ ಹಲ್ಲು ಕಡಿದರು. ಸೆರಗು ಸರಿದಾಗ ನೋಡಿದರೆ ಕಾಕೂ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

"ಊರ ಮಂದಿಗೆಲ್ಲಾ ವಂದನಾ ಹೇಳಿದ್ರು," ಎಂದರು. "ಕುರ್ಚಿ ಹಾಕಿದಾಂವಗ ಹೇಳಿದ್ರು, ಉಪ್ಪಿಟ್ಟು ಮಾಡಿದಾಂವಗ ಹೇಳಿದ್ರು. ಮುಂದಿನ ಸಾಲಿನ್ಯಾಗ ಕೂತ ನನಗ ಒಮ್ಮೆಯರೆ ಹೇಳಿದ್ರೇನು? ಈಗ ಬಂತು ನೋಡ್ರಿ ನನ್ನ ಪಾಳಿ!" ಆಮೇಲೆ ರೋಹಿಣಿಯ ಕಡೆ ತಿರುಗಿ, "ಆದ್ರ 'ಕಾಕೂ ಇದೆ' ಅಂತಾರೇನವಾ? ನಾ ಏನು ಕಪಾಟೇನು?"

ಶೋಕಸಭೆಯಲ್ಲಿ ಅಷ್ಟು ಜೋರಾದ ನಗು ನಾನು ಮತ್ತೆಲ್ಲೂ ಕೇಳಿಲ್ಲ. ಜನ ಎದ್ದರು, ಚಪ್ಪಲಿ ಮೆಟ್ಟಿದರು, ಕಣ್ಣೊರೆಸಿಕೊಳ್ಳುತ್ತ ಮನೆಗೆ ಹೋದರು.

ಆಮೇಲೆ ಹುಡುಗರು ಸರದಿಯ ಮೇಲೆ ವಂದನಾರ್ಪಣೆ ಮಾಡತೊಡಗಿದರು. ಪ್ರಾಸಕ್ಕೆ ಪದ ಸಾಲದೆ ನಮ್ಮ ಮನೆಗೆ ಬರುತ್ತಿದ್ದರು. "ಅಂಕಲ್, ಇಡ್ಲಿಗೆ ಕನ್ನಡದಲ್ಲಿ ಏನು ಮ್ಯಾಚ್ ಆಗುತ್ತೆ?" ಎಂದು ಕೇಳುವರು. ಸುಡ್ಲಿ, ಕೊಡ್ಲಿ, ಬಿಡ್ಲಿ ಎಂದು ನಾನು ಧಾರಾಳವಾಗಿ ಒದಗಿಸುತ್ತಿದ್ದೆ. ಕಾಕೂ ಮುಂದಿನ ಸಾಲಿನಲ್ಲಿ ಕೂತು ಲಿಂಗ, ವಚನ ತಿದ್ದುತ್ತಿದ್ದರು.

ಒಂದು ಸಂಜೆ ಚಹಾ ಕುಡಿಯುತ್ತ ನಾನೂ ತಂದೆಯ ಕರ್ತವ್ಯಕ್ಕೆ ಇಳಿದೆ. "ಪುಟ್ಟಿ, ಅವತ್ತು 'ಕಾಕಾ ಬಂತು' ಅಂದೆಯಲ್ಲ, ಹಾಗನ್ನಬಾರದು. ಬಂತು ಅನ್ನೋದು ಟ್ರೇನಿಗೆ. ದೊಡ್ಡವರಿಗೆ 'ಬಂದರು' ಅನ್ನಬೇಕು."

"ಅದು ಗೊತ್ತು ಅಪ್ಪಾ," ಎಂದಳು ರೋಹಿಣಿ. "ಫಸ್ಟ್ ಹಾಗೇ ಬರೆದಿದ್ದೆ. ಲೇಕಿನ್ ಹಿಂದೆ ನನ್ನ ಹಿಂದಿ ಫ್ರೆಂಡ್ಸ್ ನಿಂತಿದ್ರು. ಅವರಿಗೆ ಬಂದರ್ ಅಂದ್ರೆ ಕೋತಿ. ಕಾಕಾಗೆ ಅವತ್ತು ಯಾರಾದ್ರೂ ಕೋತಿ ಅಂತ ನಕ್ಕಿದ್ರೆ?"

ನಾನು ಚಹಾದ ಕಪ್ಪು ಕೆಳಗಿಟ್ಟೆ. ಗೌರವಕ್ಕೆ ಬಹುವಚನ ಹಚ್ಚಬೇಕೆಂದು ನಮ್ಮ ವ್ಯಾಕರಣದವರು ಬರೆದಿಟ್ಟಿದ್ದಾರೆ. ಪಾಪ, ಅವರಾರೂ ಮುಂಬಯಿಗೆ ಬಂದಿರಲಿಲ್ಲವೆಂದು ಕಾಣುತ್ತದೆ.