ಬಾಗಿಲ ಹಿಂದಿನ ಕೆಮ್ಮು

ಮೊನ್ನೆ ಓಣಿಯ ಬಾಣಂತಿ ಮನೆಯಿಂದ ಕೆಂಡದ ಮೇಲೆ ಅಜವಾನ ಹಾಕಿದ ಹೊಗೆ ಬಂತು. ಬೇರೆಯವರಿಗೆ ಅದು ಹಿತವಾದ ವಾಸನೆ. ನನಗೆ ಮಾತ್ರ ವೈನಿ ನೆನಪಾದಳು.

ಬೀದರ ಕಡೆಯಿಂದ ನಾನು ಗಡಿಯಾಚೆ ಮಹಾರಾಷ್ಟ್ರದ ನಿಲಂಗಾಕ್ಕೆ ಸೊಸೆಯಾಗಿ ಬಂದ ಹೊಸತು. ಗೋಡೆಗೆ ಗೋಡೆ ಹತ್ತಿದ ಮನೆ ಕಿರಾಣಿ ವ್ಯಾಪಾರಿಗಳದ್ದು. ವೈನಿ ಆ ಮನೆಯ ಹಿರೇ ಸೊಸೆ, ಒಂದು ಗಂಡು ಒಂದು ಹೆಣ್ಣಿನ ತಾಯಿ. ಬಳಗವಲ್ಲದಿದ್ದರೂ ಅತ್ತಿಗೆಯಂತೆ ವೈನಿ ಅನ್ನುತ್ತಿದ್ದೆ. ಬಸ್ಸಿನ ಮೇಲಿನ ಮರಾಠಿ ಬೋರ್ಡು ಓದಲು ಬಾರದ ನನಗೆ ನಗುನಗುತ್ತ ಅಕ್ಷರ ಕಲಿಸಿದವಳು ಆಕೆಯೇ.

ಆಕೆಯ ಗಂಡನಿಗೆ ಟೀಬಿ ಆಯಿತು. ಮನೆಯವರು ಜೀಪು ಮಾಡಿ ಉದಗೀರದ ಆಸ್ಪತ್ರೆಗೆ ಒಯ್ದರು, ಓಣಿಗೆ ನಿಮೋನಿಯಾ ಅಂದರು. ವೈನಿ ನನಗೊಬ್ಬಳಿಗೇ ಖರೇ ಹೇಳಿದ್ದಳು. ಗುಳಿಗೆ ಬಂದವು, ಹಾಲು ತುಪ್ಪ ಬಂತು. ವೈನಿ ಆತನ ಉಗುಳಿನ ಡಬ್ಬಿ ತೊಳೆದಳು. ಕೆಲವು ತಿಂಗಳಲ್ಲಿ ಆತ ಮತ್ತೆ ಅಂಗಡಿಯಲ್ಲಿ ಕೂತ.

ಆಮೇಲೆ ಆಕೆ ಕೆಮ್ಮತೊಡಗಿದಳು.

ಆಕೆಯ ಅತ್ತೆ ಅಜವಾನದ ಹೊಗೆ ಕೊಟ್ಟಳು. "ಬಿಸಲಿಗಿ ಉಷ್ಣ ಆಗ್ಯಾದ, ಹೋಗ್ತದ" ಅಂದಳು. ವೈನಿಯ ನಾದಿನಿಗೆ ಉಮರ್ಗಾದ ಕಡೆಯಿಂದ ವರ ಗೊತ್ತಾಗುವುದರಲ್ಲಿದ್ದ. ವೈನಿ ತೆಳ್ಳಗಾಗುತ್ತ ಹೋದಳು. ಕೈಯೆತ್ತಿದರೆ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಶೇಂಗಾ ಆರಿಸುತ್ತ ಕೂತಿದ್ದೆ. ಟೀಬಿ ಆದವರ ಪಟ್ಟಿ ಹಿಡಿದು ಆಶಾ ಕಾರ್ಯಕರ್ತೆ ಬಂದಳು. "ಮನ್ಯಾಗ ಮತ್ಯಾರಿಗರೆ ಕೆಮ್ಮ ಅದ ಏನ್ರೀ?"

"ಯಾರಿಗೂ ಇಲ್ರೀ" ಎಂದಳು ಅತ್ತೆ.

ಅಡುಗೆಮನೆಯ ಬಾಗಿಲ ಹಿಂದೆ ವೈನಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ನಾನು ಕೂತಲ್ಲಿಂದ ಕಾಣುತ್ತಿತ್ತು. ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿ... ಉಸಿರೇ ನಿಂತು ಬಿದ್ದಾಳೆ ಅನ್ನಿಸಿತು. ಬಾಯಿ ತೆರೆಯಬೇಕೆಂದುಕೊಂಡೆ. ಆಕೆ ಬೇಡವೆಂದು ತಲೆಯಾಡಿಸಿದಳು.

ಮರುದಿನ ಹಿತ್ತಲಲ್ಲಿ ಹಿಡಿದು ಕೇಳಿದೆ. "ಅವರು ನಡುವ ಬಿಟ್ಟ ಗುಳಿಗಿ ನಾ ಕದ್ದು ನುಂಗಲಕತ್ತಿದ್ದೆ. ಅವೂ ಮುಗದಾವ" ಅಂದಳು.

"ಅಣ್ಣಾವರಿಗೂ ಬಂದಿತ್ತಲ್ರಿ, ಹೇಳಿಬಿಡ್ರಿ."

"ಅವರಿಗಿ ಬಂದಾಗ ಮನಿ ಎಲ್ಲಾ ಕೂಡಿ ಮುಚ್ಚಿಟ್ರು. ನನಗ ಬಂದಾದಂದ್ರ, ಇಕಿನೇ ತಂದಾಳ ಅಂತಾರ. ವಲಾಂಡಿಗಿ ತವರಮನಿಗಿ ಕಳಸ್ತಾರ. ಮಕ್ಕಳನ್ನ ಕೊಡಂಗಿಲ್ಲ, ತಂಗಿ."

ಕಡೆಗೆ ಸೀರೆ ತರುವ ನೆಪ ಮಾಡಿ ಇಬ್ಬರೂ ಉದಗೀರದ ಬಸ್ಸು ಹತ್ತಿದೆವು. ವೈನಿ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಇದ್ದಳು. ಚೀಟಿ ಮಾಡಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆವು. ಎದುರಿಗೆ ಆ ಉಮರ್ಗಾದ ವರನ ಸೋದರಮಾವ ಕೂತಿದ್ದ, ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವನು. ಅಷ್ಟರಲ್ಲಿ ಟೀಬಿ ಕೋಣೆಯ ಒಳಗಿಂದ ವೈನಿಯ ಹೆಸರು ಕೂಗಿದರು. ವೈನಿ ಏಳಲಿಲ್ಲ. ಮತ್ತೆ ಕೂಗಿದರು, ಈ ಸಲ ಗಂಡನ ಹೆಸರು, ಮನೆತನದ ಹೆಸರು, ಊರು ಎಲ್ಲ ಸೇರಿಸಿ. ಆ ಮನುಷ್ಯ ತಲೆಯೆತ್ತಿ ಸುತ್ತ ನೋಡಿದ.

ವೈನಿ ನನ್ನನ್ನೂ ಎಳೆದುಕೊಂಡು ಹೊರಗೆ ಬಂದಳು. ಮತ್ತೆಂದೂ ಹೋಗಲು ಒಪ್ಪಲಿಲ್ಲ.

ಆತ ಯಾರ ಮುಂದಾದರೂ ಅಂದನೋ ಇಲ್ಲವೋ... ವಾರದೊಳಗೆ ಆಕೆಯನ್ನು ವಲಾಂಡಿಗೆ ಕಳಿಸಿದರು, ಮಕ್ಕಳನ್ನು ಇಟ್ಟುಕೊಂಡರು. ಹೊರಡುವಾಗ ಮಗಳು ಓಡಿ ಬಂದಳು. ವೈನಿ ಮುಟ್ಟಲಿಲ್ಲ, ಹಿಂದೆ ಸರಿದು, ಆಟೋದೊಳಗಿಂದಲೇ ಕೈ ಮಾಡಿದಳು. ತವರಿನಲ್ಲೂ ಆಸ್ಪತ್ರೆಗೆ ತೋರಿಸಲಿಲ್ಲ. ಅಲ್ಲಿಯೂ ಒಬ್ಬ ತಂಗಿ ಮದುವೆಗಿದ್ದಳು. ಮಳೆಗಾಲ ಮುಗಿಯುವ ಮೊದಲೇ ಸುದ್ದಿ ಬಂತು. ಹಾರ್ಟ್ ಫೇಲ್ ಅಂದರು.

ಕಳೆದ ವಾರ ಆಕೆಯ ಮಗ ನಮ್ಮ ಮನೆಗೆ ಬಂದಿದ್ದ. ಈಗ ಅಂಗಡಿ ನೋಡುವವನು ಅವನೇ. ಚಹಾದ ಕಪ್ಪು ಕೆಳಗಿಟ್ಟು ಕೇಳಿದ, "ಕಾಕಿ, ಖರೇ ಹೇಳ್ರಿ, ನಮ್ಮವ್ವಗ ಏನಾಗಿತ್ತು?"

ಹೇಳಿದೆ, ರೋಗದ ಹೆಸರು ಹಿಡಿದೇ ಹೇಳಿದೆ. ಕಣ್ಣೊರೆಸಿಕೊಂಡ. ಆಮೇಲೆ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿದ. "ಇದು ಯಾರ ಮುಂದೂ ಅನಬ್ಯಾಡ್ರಿ ಕಾಕಿ. ತಂಗಿಗಿ ನೋಡಲಕ ಬರಾವರಿದ್ದಾರ."

ಆ ಹುಡುಗಿಗೆ ಥೇಟ್ ತಾಯಿಯದೇ ಮುಖ. ಅವಳಿಗಾಗಿ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ವೈನಿಗೆ ಈಗ ನನ್ನ ಬಾಯಲ್ಲೂ ಹೆಸರಿಲ್ಲ...